ತುಂಬಿದ ಬಟ್ಟಲು

ಟಕ್ ಎಂದು ಒಂದು ಸಣ್ಣ ಸದ್ದು. ಗೋಡೆಯ ಆಚೆಯ ಕೋಣೆಯಿಂದ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಟಕ್. ಶೋಲ್ಪಾನ್ ಕಣ್ಣು ಬಿಡಲಿಲ್ಲ. ಅವಳಿಗೆ ನಿದ್ದೆ ಬಂದಿರಲಿಲ್ಲ, ಆದರೆ ಕಣ್ಣು ಮುಚ್ಚಿಕೊಂಡೇ ಇದ್ದರೆ ಆ ಸದ್ದಿಗೂ ತನಗೂ ಸಂಬಂಧವಿಲ್ಲವೆಂದು ಇನ್ನೊಂದಿಷ್ಟು ಹೊತ್ತು ನಂಬಿಕೊಂಡಿರಬಹುದಾಗಿತ್ತು. ನಡುರಾತ್ರಿ ದಾಟಿತ್ತು. ಸಿರ್ ದರ್ಯಾ ನದಿಯ ಕಡೆಯ ಗಾಳಿ ಕಿಟಕಿಯ ಗಾಜಿಗೆ ಮರಳು ಉಜ್ಜುತ್ತಿತ್ತು. ಗಂಡ ಸಾಯಾತ್ ತೈಲದ ಬಾವಿಗಳ ಪಾಳಿಗೆ ಹೋಗಿ ಮೂರು ವಾರವಾಗಿತ್ತು. ಹಾಸಿಗೆಯಲ್ಲಿ ಅವನ ಬದಿ ತಣ್ಣಗಿತ್ತು. ಅದು ಕೆಟಲಿನ ಸದ್ದಲ್ಲ. ಕೆಟಲಿನದಾಗಿದ್ದರೆ ಎದ್ದು ಹೋಗುತ್ತಿದ್ದಳು. ಮಾವ ಕದ್ದು ನೀರು ಕಾಯಿಸಿದರೆ ತಡೆಯುವ ಅಧಿಕಾರವನ್ನು ಡಾಕ್ಟರೇ ಅವಳಿಗೆ ಕೊಟ್ಟಿದ್ದರು. ಇದು ಮಾವನ ಕಂದು ಸೂಟ್‌ಕೇಸಿನ ಕೊಂಡಿ. ಎಡಗಡೆಯದು ಸಡಿಲ, ಎರಡು ಸಲ ಒತ್ತಿದರೆ ಮಾತ್ರ ಕೂರುತ್ತದೆ. ಮಾವ ತಮ್ಮ ಊರು ಕಜಾಲಿಯಿಂದ ಬಂದ ದಿನ ಅದನ್ನು ಬಿಚ್ಚಿ, ಒಳಗಿನ ಎರಡು ಅಂಗಿ, ಉಣ್ಣೆಯ ಕಾಲುಚೀಲ, ಕಾಗದದಲ್ಲಿ ಸುತ್ತಿದ ಕ್ಷೌರದ ಕತ್ತಿ ಎಲ್ಲವನ್ನೂ ಬೀರುವಿನಲ್ಲಿ ಜೋಡಿಸಿದವಳು ಅವಳೇ. ಈಗ ಅವೆಲ್ಲ ಮತ್ತೆ ಒಳಗೆ ಹೋಗಿವೆ. ಚಿಕಿತ್ಸೆ ಮುಗಿಯಲು ಇನ್ನೂ ಎರಡು ವಾರವಿದೆ.

ಎದ್ದು ಹೋಗಿ ಬಾಗಿಲ ಬಳಿ ನಿಂತು ಏನು ಹೇಳುವುದು? ಆತಾ, ಏನಾದರೂ ಬೇಕಿತ್ತೇ? ಮಾವನನ್ನು ಅವಳು ಆತಾ ಎನ್ನುತ್ತಿದ್ದಳು, ಅಪ್ಪ ಎನ್ನುವ ಹಾಗೆಯೇ; ಅವರ ಓರಗೆಯ ಹಿರಿಯರನ್ನು ಕರೆಯುವುದೂ ಹಾಗೇ. ಹೆಸರನ್ನು ಒಂದು ದಿನವೂ ಬಾಯಿಂದ ಆಡಿದವಳಲ್ಲ, ಯಾವ ಸೊಸೆಯೂ ಆಡುವುದಿಲ್ಲ. ಆ ಒಂದು ಪದದ ಹಿಂದೆ ಯಾವ ವಾಕ್ಯವನ್ನು ಕಟ್ಟಿದರೂ ಅದು ಸುಳ್ಳಾಗುತ್ತಿತ್ತು. ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದಿ ತಿದ್ದಿ ಅವಳಿಗೊಂದು ಚಾಳಿ ಬಿದ್ದಿತ್ತು. ಹೇಳಬೇಕಾದ್ದನ್ನು ಮೊದಲು ತಲೆಯೊಳಗೆ ಬರೆಯುವುದು, ಹೊಡೆದು ಹಾಕುವುದು, ಮತ್ತೆ ಬರೆಯುವುದು. ಅಷ್ಟರಲ್ಲಿ ಹೇಳುವ ಹೊತ್ತು ಮೀರಿರುತ್ತಿತ್ತು. ಆತಾ, ನಿನ್ನೆ ನಾನು ಬೇಕೆಂದು ಹಾಗೆ ಮಾಡಲಿಲ್ಲ. ಹೊಡೆದು ಹಾಕಿದಳು. ಆತಾ, ಅದು ಕೈತಪ್ಪು. ಈ ವಾಕ್ಯ ಚೆನ್ನಾಗಿತ್ತು, ಚಿಕ್ಕದಾಗಿತ್ತು, ಯಾರಾದರೂ ನಂಬುವಂತಿತ್ತು. ಅದನ್ನು ಹಾಗೇ ಇಟ್ಟುಕೊಂಡು ಮಲಗಿದಳು. ಗೋಡೆಯಾಚೆ ಮಾವ ಕೆಮ್ಮಿದರು, ನೀಲಿ ಬಕೆಟ್ಟನ್ನು ಹತ್ತಿರ ಎಳೆದುಕೊಂಡರು. ಆಸ್ಪತ್ರೆಯಲ್ಲಿ ಯಂತ್ರದಿಂದ ಎದೆಗೆ ಕಿರಣ ಕೊಡಲು ಶುರುಮಾಡಿದ ಮೂರನೇ ವಾರದಿಂದ ಅವರ ಬಾಯಲ್ಲಿ ನೊರೆನೊರೆಯಾದ ಅಂಟು ಉಗುಳು ತುಂಬಿಕೊಳ್ಳುತ್ತಿತ್ತು. ನುಂಗಿದರೆ ಉರಿ, ಉಗುಳಿದರೆ ನಾಚಿಕೆ. ಬೆಳಿಗ್ಗೆ ಅವಳು ಏಳುವ ಮೊದಲೇ ಆ ಬಕೆಟ್ಟನ್ನು ತಾವೇ ತೊಳೆದಿಡಲು ನೋಡುತ್ತಿದ್ದರು. ಅವಳೂ ಅವರಿಗಿಂತ ಮೊದಲೇ ಏಳಲು ನೋಡುತ್ತಿದ್ದಳು. ಹೀಗೆ ಇಬ್ಬರೂ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯಲು ಹೋಗಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲದಂತಾಗಿತ್ತು.

ಸಾಯಂಕಾಲ ಒಸ್ಪಾನ್ ಮತ್ತು ಅವನ ಹೆಂಡತಿ ಜೈನೆಪ್ ಬಂದಿದ್ದರು. ಒಸ್ಪಾನ್ ಮಾವನ ಓರಗೆಯವ, ಒಂದೇ ವರ್ಷ ಹುಟ್ಟಿ ಒಂದೇ ಒಂಟೆ ಹಿಂಡಿನ ಹಿಂದೆ ಬೆಳೆದವ; ಓರಗೆಯವರು ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಕೋಪ ಮಾಡಿಕೊಂಡವನೇ ಸೋತ. ಮಗಳ ಮನೆಗೆ ಬಂದವರು ನಾಳೆ ಮಧ್ಯಾಹ್ನದ ರೈಲಿಗೆ ಊರಿಗೆ ಹೊರಡುವ ಮುಂಚೆ ರೋಗಿಯನ್ನು ನೋಡಿ ಹೋಗಲೆಂದು, ಅರ್ಧ ಕುರಿ, ಒಂದು ಚೀಲ ಒಣಮೊಸರಿನ ಉಂಡೆ, ಜಾಡಿಯ ತುಂಬ ಒಂಟೆ ಹಾಲಿನ ಕೆನೆ ಹೊತ್ತುಕೊಂಡು ಬಂದಿದ್ದರು. ಮಾವನ ಗಂಟಲಲ್ಲಿ ಇಳಿಯುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಆದರೂ ಅವರು ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಮೂಸಿ, "ಇದು ಕಣೋ ವಾಸನೆ ಅಂದ್ರೆ. ಇಲ್ಲಿ ಪಟ್ಟಣದಲ್ಲಿ ಕುರಿ ಕೂಡ ಸೋಪಿನ ವಾಸನೆ ಬರತ್ತೆ" ಎಂದರು. ಅವರು ಅಷ್ಟು ದೊಡ್ಡ ವಾಕ್ಯ ಆಡಿ ಎಷ್ಟೋ ದಿನವಾಗಿತ್ತು.

"ಲೋ ಐತ್ಬಾಯ್, ಏನೋ ನೀನು ಹೀಗೆ ಮದುವಣಗಿತ್ತಿ ಥರ ತೆಳ್ಳಗಾಗಿದೀಯ?" ಒಸ್ಪಾನ್ ದಿಂಬಿಗೆ ಒರಗಿ ಕಾಲು ಮಡಿಸಿಕೊಂಡ. "ಎರಡನೇ ಮದುವೆ ಯೋಚ್ನೆ ಇದೆಯಾ?"

"ನಿನ್ನ ಹೆಂಡ್ತಿ ಹೂಂ ಅಂದ್ರೆ ನಾಳೆನೇ."

"ನನ್ನದೇನೂ ಅಡ್ಡಿ ಇಲ್ಲಪ್ಪ," ಎಂದಳು ಜೈನೆಪ್. "ಈ ಗೊರಕೆ ಮುದುಕನ್ನ ಯಾರಾದ್ರೂ ಹೊಡ್ಕೊಂಡು ಹೋದ್ರೆ ಸಾಕು ಅಂತ ಕಾಯ್ತಿದೀನಿ."

ನೆಲದ ಮೇಲೆ ಹಾಸಿದ ಊಟದ ಬಟ್ಟೆಯ ಕೆಳತುದಿಯಲ್ಲಿ, ಚಹಾ ಪಾತ್ರೆಯ ಬದಿಗೆ, ಒಂದು ಮೊಣಕಾಲು ಊರಿ ಶೋಲ್ಪಾನ್ ಕೂತಿದ್ದಳು. ಅದು ಸೊಸೆಯ ಜಾಗ. ಮದುವೆಗೆ ಮುಂಚೆ ಅಮ್ಮ ಅವಳನ್ನು ಹೀಗೇ ಕೂರಿಸಿ, ಖಾಲಿ ಬಟ್ಟಲಿನಲ್ಲಿ ತಣ್ಣೀರು ಹಾಕಿಸಿ ಹಾಕಿಸಿ ಕಲಿಸಿದ್ದಳು. "ತಳ ಮುಚ್ಚಿದ್ರೆ ಸಾಕು, ಇನ್ನೂ ಸ್ವಲ್ಪ ಅಷ್ಟೆ. ಅರ್ಧ ದಾಟಬಾರದು. ಅವರು ಮತ್ತೆ ಮತ್ತೆ ಬಟ್ಟಲು ಚಾಚಬೇಕು, ನೀನು ಮತ್ತೆ ಮತ್ತೆ ಹಾಕಬೇಕು, ಅದೇ ಮರ್ಯಾದೆ. ತುಂಬಿಸಿ ಕೊಟ್ಯೋ, ಕುಡಿದು ಎದ್ದು ಹೋಗು ಅಂದ ಹಾಗೆ. ನನ್ನ ಮಾನ ಕಳೀಬೇಡ." ಕಾಲೇಜಿನಲ್ಲಿ ಓದಿದ ಹುಡುಗಿ ಆಗ ನಕ್ಕಿದ್ದಳು. ಆದರೆ ಮದುವೆಯ ಮಾರನೇ ಬೆಳಿಗ್ಗೆ ಕಜಾಲಿಯ ಆ ಮನೆಯಲ್ಲಿ ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ಮಾವನಿಗೆ ಕೊಡುವ ಮುಂಚೆ ಅಳತೆಯನ್ನು ಎರಡು ಸಲ ನೋಡಿಕೊಂಡಿದ್ದಳು. ಕುದಿ ಇಳಿಯದ ಚಹಾ. ಅವರು ಸೊರ್ರೆಂದು ಹೀರಿ, ತುಟಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಸುತ್ತ ಕೂತ ಗಂಡಸರಿಗೆಲ್ಲ ಕೇಳುವ ಹಾಗೆ "ಇದು ಚಹಾ!" ಎಂದಿದ್ದರು. ಆ ಒಂದು ಮಾತನ್ನು ಅವಳು ಎಷ್ಟು ವರ್ಷ ಒಡವೆಯಂತೆ ಇಟ್ಟುಕೊಂಡಿದ್ದಳು! ಮಾವನ ಅನ್ನನಾಳದ ಪರೀಕ್ಷೆಯಾದ ದಿನ ಡಾಕ್ಟರ್ ರೌಶಾನ್ ಪೆನ್ನು ಹಿಡಿದು, "ಚಹಾ ಹೇಗೆ ಕುಡೀತಾರೆ? ಸುಡುಸುಡು? ಚಿಕ್ಕಂದಿನಿಂದ್ಲೇ?" ಎಂದು ಕೇಳಿದಾಗ ಆ ಒಡವೆ ಅವಳ ಕೈಯಲ್ಲೇ ಕೆಂಡವಾಗಿತ್ತು. ಇದೊಂದೇ ಕಾರಣ ಅಂತ ಹೇಳೋಕಾಗಲ್ಲ, ಇಲ್ಲಿನವರಿಗೆ ಈ ಕಾಯಿಲೆ ಜಾಸ್ತಿ, ಅದಕ್ಕೆ ಕೇಳ್ತೀವಿ ಅಷ್ಟೆ ಎಂದು ಡಾಕ್ಟರು ಆಮೇಲೆ ಹೇಳಿದರು. ಅವಳು ಆ ಎರಡನೇ ಮಾತನ್ನು ಕೇಳಿಸಿಕೊಂಡಿದ್ದಳು, ಆದರೆ ಒಳಗೆ ಹೋಗಿ ಕೂತದ್ದು ಮೊದಲನೆಯದು. ಅತ್ತೆ ತೀರಿಹೋದ ಮೇಲೆ ಪ್ರತಿ ಬೇಸಿಗೆ ರಜೆಯಲ್ಲೂ ಆ ಬಟ್ಟಲಿಗೆ ಸುಡುವ ಚಹಾ ಹಾಕಿದವಳು ಅವಳು.

ಈಗ ಬಿಸಿ ಕೂಡದು. ಖಾರ, ಹುಳಿ, ಗಟ್ಟಿ ಕೂಡದು. ಉಗುರು ಬೆಚ್ಚಗಿನದನ್ನು, ಸ್ವಲ್ಪಸ್ವಲ್ಪವಾಗಿ, ಆದರೆ ದಿನಕ್ಕೆ ಸಾಕಷ್ಟು ಕುಡಿಯಬೇಕು, ತೂಕ ಇಳಿಯಬಾರದು. ಅದಕ್ಕೇ ಅವಳೊಂದು ದಾರಿ ಕಂಡುಕೊಂಡಿದ್ದಳು. ಚಹಾವನ್ನು ಬಟ್ಟಲಿನ ಅಂಚಿನವರೆಗೂ ತುಂಬಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ಆರಿದ ಮೇಲೆ ಮಾವನ ಪಕ್ಕದಲ್ಲಿ ಇಟ್ಟುಬಿಡುವುದು. ಮರ್ಯಾದೆಯ ತಳಮುಚ್ಚುವಷ್ಟು ಚಹಾ ಹಾಕುತ್ತ ಕೂತರೆ ಪ್ರತಿ ಸಲವೂ ಪಾತ್ರೆಯ ಬಿಸಿ ಬೀಳುತ್ತಿತ್ತು. ಮೊದಲ ಸಲ ಅವರು ಆ ತುಂಬಿದ ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು, "ಓಹೋ, ಆಸ್ಪತ್ರೆ ಲೆಕ್ಕ" ಎಂದು ಕುಡಿದರು. ಮನೆಯಲ್ಲಿ ಇದ್ದದ್ದು ಇಬ್ಬರೇ. ಗೋಡೆಗಳಿಗೆ ಏನು ತಿಳಿಯುತ್ತದೆ. ಹೀಗೆ ಮೂರು ವಾರ ನಡೆದುಹೋಗಿತ್ತು, ಕೈಗೆ ಅದೇ ರೂಢಿಯಾಗಿತ್ತು.

ಕೈಗೆ ರೂಢಿಯಾಗಿತ್ತು. ಇದೂ ಒಳ್ಳೆಯ ವಾಕ್ಯ. ಆದರೆ ಆ ಸಾಯಂಕಾಲ ಒಸ್ಪಾನನಿಗೂ ಜೈನೆಪಳಿಗೂ ಅವಳು ಹಾಕಿದ್ದು ತಳ ಮುಚ್ಚುವಷ್ಟೇ. ಅಲ್ಲಿ ಕೈ ತಪ್ಪಲಿಲ್ಲ. ಅವಳು ಆಗ ಏನು ಯೋಚಿಸುತ್ತಿದ್ದಳು? ಬಚ್ಚಲಲ್ಲಿಟ್ಟ ನೀಲಿ ಬಕೆಟ್ಟಿನ ಬಗ್ಗೆ. ಜೈನೆಪ್ ಕೈ ತೊಳೆಯಲು ಹೋದರೆ ಅದನ್ನು ನೋಡುತ್ತಾಳಲ್ಲ ಎಂದು. ನೋಡಿದರೆ ನೋಡಲಿ, ಎಂದಿತ್ತು ಇನ್ನೊಂದು ದನಿ, ನಾನೇನು ಮಾಡುತ್ತಿದ್ದೇನೆಂದು ಯಾರಾದರೂ ಒಬ್ಬರು ನೋಡಲಿ. ಒಂದು ರಾತ್ರಿ, ಒಂದೇ ಒಂದು ರಾತ್ರಿ, ಗೋಡೆಯಾಚೆ ಯಾರೂ ಕೆಮ್ಮದಿದ್ದರೆ. ಹೀಗೆ ಯೋಚಿಸುತ್ತಿರುವಾಗಲೇ ಚಹಾ ಬಟ್ಟಲಿನ ಅರ್ಧ ದಾಟಿತು, ಅಂಚಿನ ಕೆಳಗಿನ ನೀಲಿ ಗೆರೆ ದಾಟಿತು, ಅಂಚಿಗೆ ಬಂತು. ಅವಳು ನೋಡುತ್ತಲೇ ಇದ್ದಳು. ಈಗ ಕತ್ತಲಲ್ಲಿ ಮಲಗಿ ಅವಳು ಕೇಳಿಕೊಂಡದ್ದು ಇದನ್ನೇ. ನೋಡುತ್ತಿದ್ದವಳು ಯಾಕೆ ನಿಲ್ಲಿಸಲಿಲ್ಲ? ತುಂಬಿದ ಬಟ್ಟಲು, ತಣ್ಣಗಿನ ಹಾಲು ಬೆರೆಸಿ ಆರಿಸಿದ್ದು, ಎರಡೂ ಕೈಯಲ್ಲಿ ಎತ್ತಿ ಮಾವನಿಗೆ ಕೊಟ್ಟಳು.

"ಅಲ್ನೋಡ್ರೋ!" ಒಸ್ಪಾನ್ ತೊಡೆ ತಟ್ಟಿಕೊಂಡ. "ಐತ್ಬಾಯ್, ಏಳೋ, ಟೋಪಿ ಹಾಕ್ಕೊ! ನಿನ್ನ ಸೊಸೆ ನಿಂಗೆ ರೈಲಿನ ಟೈಮ್ ಹೇಳ್ತಿದಾಳೆ!"

ಜೈನೆಪ್ ನಕ್ಕು, ತಕ್ಷಣ ಬಾಯಿಗೆ ಸೆರಗಿನಂತೆ ತಲೆಬಟ್ಟೆಯ ತುದಿ ಒತ್ತಿಕೊಂಡಳು. ಮಾವ ನಕ್ಕರು. ಆದರೆ ಆ ನಗು ಅರೆಗಳಿಗೆ ತಡವಾಗಿ ಬಂತು, ಯಾರೋ ಬಾಗಿಲು ತಟ್ಟಿದ ಮೇಲೆ ಅಂಗಿ ಹಾಕಿಕೊಂಡು ಬರುವವರಂತೆ. "ನಾಳೆ ನಿನ್ನ ಜೊತೇಲೇ ಬರ್ತೀನಿ, ಒಬ್ಬನೇ ಹೋದ್ರೆ ದಾರಿ ತಪ್ಪಿಸ್ಕೊತೀಯ," ಎಂದರು. ಮತ್ತೆ ಎಲ್ಲರೂ ನಕ್ಕರು. ಶೋಲ್ಪಾನ್ ಬಾಯಿ ತೆರೆದಳು. ಡಾಕ್ಟರು ಹೀಗೆ ಹೇಳಿದ್ದಾರೆ ಎಂದು ಒಂದು ಮಾತು ಸಾಕಿತ್ತು. ಆದರೆ ಹಿರಿಯರ ತಮಾಷೆಯ ನಡುವೆ ಸೊಸೆ ಕಾರಣ ಹೇಳಲು ಹೊರಟರೆ ಅದು ತಮಾಷೆಯಾಗಿ ಉಳಿಯುವುದಿಲ್ಲ. ಮಾವ ಬಟ್ಟಲನ್ನು ಪೂರ್ತಿ ಕುಡಿದರು. ಪ್ರತಿ ಗುಟುಕಿಗೂ ಕಣ್ಣು ಮುಚ್ಚಿಕೊಂಡು, ಕುತ್ತಿಗೆಯನ್ನು ಸ್ವಲ್ಪ ಮುಂದೆ ಚಾಚಿ, ಒಳಗಿನ ಮುಳ್ಳುಗಿಡದ ಮೂಲಕ ನೀರನ್ನು ಒಂದೊಂದೇ ಹನಿ ದಾಟಿಸುವವರಂತೆ. ಆಮೇಲೆ ಬಟ್ಟಲನ್ನು ಬಟ್ಟೆಯ ಮೇಲೆ ಅಡ್ಡ ಮಲಗಿಸಿದರು. ಸಾಕು ಎಂದರ್ಥ. ಏಳುವಾಗ ಅಂಗೈ ತೆರೆದು ಎಲ್ಲಕ್ಕೂ ಒಳ್ಳೆಯದಾಗಲಿ ಎಂದು ಹರಸಿದರು: ದಾರಿಗೆ, ಊರಿನ ಹಿಂಡಿಗೆ, ಓರಗೆಯವನ ಮೊಣಕಾಲಿಗೆ, ಮರಳುಗಾಡಿನ ಬಾವಿಯ ನೀರಿಗೆ. ಪ್ರತಿ ಸಲ ಕೊನೆಗೆ, ಚಹಾ ಹಾಕಿದ ಕೈಗೆ, ಎನ್ನುತ್ತಿದ್ದರು. ಈ ಸಲ ಅದನ್ನು ಅನ್ನಲಿಲ್ಲ. ಮುಖದ ಮೇಲೆ ಕೈ ಸವರಿಕೊಂಡು ಮುಗಿಸಿಬಿಟ್ಟರು. ಅವಳ ಹೊರತು ಬೇರೆ ಯಾರೂ ಗಮನಿಸಿರಲಾರರು.

ಬೆಳಿಗ್ಗೆ ಅವಳು ಎದ್ದು ಬಂದಾಗ ಮಾವ ನಡುಮನೆಯಲ್ಲಿ ಕೋಟು ತೊಟ್ಟು, ಟೋಪಿ ಹಾಕಿ ಕೂತಿದ್ದರು. ಸೂಟ್‌ಕೇಸು ಮೊಣಕಾಲಿಗೆ ಒರಗಿತ್ತು. ನೀಲಿ ಬಕೆಟ್ಟು ತೊಳೆದು ಬೋರಲು ಹಾಕಿತ್ತು.

"ಸಾಕು ಮಗಳೇ. ಒಸ್ಪಾನ್ ಜೊತೆ ಹೊರಡ್ತೀನಿ."

"ಇನ್ನೂ ಎರಡು ವಾರ ಇದೆ ಆತಾ."

"ಅದಕ್ಕೇ." ಸಡಿಲ ಕೊಂಡಿಯನ್ನು ಇನ್ನೊಮ್ಮೆ ಒತ್ತಿ, "ನಿಂಗೆ ಶಾಲೆ ಇದೆ. ಎಷ್ಟು ದಿನ ರಜ ಹಾಕ್ತೀಯ," ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂದುಕೊಂಡಳು. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಸಾಯಾತನಿಗೆ ಫೋನ್ ಮಾಡಿದಳು. ಆ ಕಡೆ ಯಂತ್ರಗಳ ಗದ್ದಲ. ಅವನು ಕೂಗಿಯೇ ಮಾತಾಡಿದ. "ಅಪ್ಪ ಹೆದರಿದಾನೆ! ಆ ಯಂತ್ರಕ್ಕೆ ಹೆದರಿದಾನೆ ಅಷ್ಟೆ! ಬಿಡಬೇಡ ಕಣೇ, ಬಾಗಿಲಿಗೆ ಅಡ್ಡ ನಿಂತ್ಕೋ! ಏನಾದ್ರೂ ಆಯ್ತಾ ಅಲ್ಲಿ?" ಏನೂ ಇಲ್ಲ, ಎಂದಳು. ಅದು ಆ ದಿನದ ಮೊದಲ ಸುಳ್ಳು. ಅಪ್ಪನ ಕೈಗೆ ಕೊಡು ಎಂದ. ಕೊಟ್ಟಳು. ಮಾವ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಗಾಳಿಯ ದಿನ ಮರಳಿಗೆ ಮುಖ ಕೊಡುವವರಂತೆ ಕಣ್ಣು ಕಿರಿದು ಮಾಡಿ ಕೇಳಿ, "ಹೂಂ. ಊಟ ಮಾಡ್ದೆಯಾ?" ಎಂದು ಕೇಳಿ ಹಿಂದಕ್ಕೆ ಕೊಟ್ಟರು.

ಡಾಕ್ಟರಿಗೆ ಹೇಳಿ ಹೋಗೋಣ, ಹೇಳದೆ ಹೋದರೆ ಅವಮಾನ ಮಾಡಿದ ಹಾಗೆ, ಎಂದಳು. ಇದಕ್ಕೆ ಅವರು ಒಪ್ಪುತ್ತಾರೆಂದು ಗೊತ್ತಿತ್ತು. ಮನುಷ್ಯನ ಮರ್ಯಾದೆ ಎಲ್ಲಿ ಮಿದುವೋ ಅಲ್ಲಿ ಹಿಡಿದು ಎಳೆಯಲು ಅವಳಿಗೆ ಬರುತ್ತಿತ್ತು, ಅದೂ ಅವಳಿಗೆ ಹೇಸಿಗೆಯೇ. ಟ್ಯಾಕ್ಸಿಯಲ್ಲಿ ಅವರು ಮುಂದೆ ಕೂತರು, ಅವಳು ಹಿಂದೆ ಸೂಟ್‌ಕೇಸಿನ ಜೊತೆ. ಚೀಲದಲ್ಲಿ ಎಂದಿನಂತೆ ಬಟ್ಟೆಯಲ್ಲಿ ಸುತ್ತಿದ ಬಟ್ಟಲು, ಎರಡು ಫ್ಲಾಸ್ಕು. ಒಂದರಲ್ಲಿ ಅವರಿಗಾಗಿ ಬೆಚ್ಚಗಿನದು. ಇನ್ನೊಂದರಲ್ಲಿ ಕುದಿಯುವುದು, ಅವಳಿಗೆ. ಅವರನ್ನು ಯಂತ್ರದ ಕೋಣೆಗೆ ಕಳಿಸಿದ ಮೇಲೆ ಮೆಟ್ಟಿಲುಗಳ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಕುಡಿದು ಬರುತ್ತಿದ್ದಳು. ಬಾಯಿ ತೊಳೆದು, ವಾಸನೆ ಬಾರದ ಹಾಗೆ. ಕಿಟಕಿಯಾಚೆ ಪಾಪ್ಲರ್ ಮರಗಳು ಒಂದೇ ಕಡೆ ಬಾಗಿದ್ದವು. ಮಾವನ ಕತ್ತಿನ ಹಿಂಭಾಗ ಅಂಗಿಯ ಪಟ್ಟಿಗಿಂತ ಎಷ್ಟು ಸಣ್ಣದಾಗಿದೆ, ಪಟ್ಟಿಯೊಳಗೆ ಎರಡು ಬೆರಳು ತೂರಿಸಬಹುದು ಎಂದು ನೋಡುತ್ತ ಕೂತಳು.

ಆಸ್ಪತ್ರೆಯ ಹೆಸರು ಬರೆಸುವ ಕಿಟಕಿಯಲ್ಲಿದ್ದ ಹುಡುಗಿ ದಿನವೂ ಕೇಳುವಂತೆ ರೋಗಿಯ ಹೆಸರು ಕೇಳಿದಳು. ಮೊದಲ ದಿನ ಶೋಲ್ಪಾನ್ ತೊದಲಿ, ಕಾಗದದ ಮೇಲೆ ಬೆರಳಿಟ್ಟು ತೋರಿಸಿದಾಗ ಆ ಹುಡುಗಿ ನಕ್ಕು, "ನಾನೂ ಸೊಸೆನೇ ಅಕ್ಕ, ಬಿಡಿ, ನಾನೇ ಓದ್ತೀನಿ" ಎಂದಿದ್ದಳು. ಈಗಲೂ ತಾನೇ ಓದಿದಳು. ಸೂಟ್‌ಕೇಸನ್ನು ನೋಡಿ, ಕೇಳಬೇಕೋ ಬೇಡವೋ ಎಂದು ತಡವರಿಸಿ, ಕೇಳಲಿಲ್ಲ.

ಡಾಕ್ಟರ್ ರೌಶಾನ್ ಮಾವನ ಅಂಗಿಯ ಗುಂಡಿ ಬಿಚ್ಚಿಸಿ ನೋಡಿದರು. ಎದೆಯ ಮೇಲೆ ಬಣ್ಣದ ಗೆರೆಗಳು, ಕಿರಣ ಎಲ್ಲಿ ಬೀಳಬೇಕೆಂದು ಗುರುತು ಮಾಡಿದ್ದು. ಸುತ್ತಲಿನ ಚರ್ಮ ಬಿಸಿಲಲ್ಲಿ ಬಿಟ್ಟ ತೊಗಲಿನಂತೆ ಕಪ್ಪಾಗಿ ಒಣಗಿತ್ತು. ಆ ಗೆರೆ ಹಾಕಿದ ದಿನ ಮಾವ ಮನೆಗೆ ಬಂದು, "ಇಷ್ಟು ವರ್ಷ ನಾನು ಒಂಟೆಗಳಿಗೆ ಮುದ್ರೆ ಒತ್ತಿದೆ, ಇವತ್ತು ನನಗೇ ಒತ್ತಿದ್ರು. ಇನ್ನು ತಪ್ಪಿಸ್ಕೊಂಡು ಹೋದ್ರೂ ಹಿಡ್ಕೊಂಡು ಬರ್ತಾರೆ" ಎಂದು ನಗಿಸಿದ್ದರು.

"ಈಗ ಉರೀತಿರೋದು ಕಾಯಿಲೆಯಿಂದ ಅಲ್ಲ ಆತಾ, ಕಿರಣದಿಂದ," ಎಂದರು ಡಾಕ್ಟರು. "ಮುಗಿದ ಮೇಲೂ ಕೆಲವು ವಾರ ಇರತ್ತೆ, ಆಮೇಲೆ ತಾನಾಗೇ ಇಳಿಯತ್ತೆ. ನೋವಿಗೆ ಇನ್ನೂ ಗಟ್ಟಿ ಔಷಧಿ ಕೊಡ್ತೀನಿ. ಆದ್ರೆ ನಡುವೆ ನಿಲ್ಲಿಸಿದ್ರೆ ಇಷ್ಟು ದಿನ ಪಟ್ಟಿದ್ದು ದಂಡ. ಆ ಗ..." ಎಂದು ನಿಲ್ಲಿಸಿದರು. ಮನೆಯವರು ಆ ಪದ ಆಡಬೇಡಿ ಎಂದು ಕೇಳಿಕೊಂಡಿದ್ದರು. ಮನೆಯಲ್ಲಿ ಅದು ಗಂಟಲ ಹುಣ್ಣು.

"ಗಡ್ಡೆ ಅನ್ನಿ ಡಾಕ್ಟರಮ್ಮ," ಎಂದರು ಮಾವ, ಗುಂಡಿ ಹಾಕಿಕೊಳ್ಳುತ್ತ. "ನನ್ನ ಒಂಟೆಗಳಿಗೂ ಬರ್ತಿತ್ತು. ನಮ್ಮಪ್ಪನಿಗೂ ಇದೇ ಜಾಗದಲ್ಲೇ ಬಂದಿತ್ತು. ಹೊರಗೆ ಬೋರ್ಡಿನ ಮೇಲೂ ಬರೆದಿದೆಯಲ್ಲ, ಓದೋಕೆ ಬರತ್ತೆ ನಂಗೆ."

ಶೋಲ್ಪಾನ್ ನೆಲ ನೋಡಿದಳು. ಮನೆಯವರು ತಮ್ಮಿಂದ ಮುಚ್ಚಿಟ್ಟ ಗುಟ್ಟನ್ನು ಮಾವ ಇಷ್ಟು ದಿನ, ಗೊತ್ತಿಲ್ಲದವರಂತೆ, ಆ ಮನೆಯವರಿಗಾಗಿಯೇ ಕಾಪಾಡಿದ್ದರು.

"ಮತ್ತೆ ಯಾಕೆ ಹೊರಟ್ರಿ? ಯಂತ್ರಕ್ಕೆ ಹೆದರಿಕೆನಾ?"

"ಅದು ಮುಟ್ಟೋದೂ ಇಲ್ಲ, ಬೈಯೋದೂ ಇಲ್ಲ. ಅದಕ್ಕೆ ಯಾಕೆ ಹೆದರ್ಲಿ." ಟೋಪಿಯನ್ನು ಸರಿಮಾಡಿಕೊಂಡರು. "ಬೇರೆಯವರ ಮನೇಲಿ ಎಷ್ಟು ದಿನ ಇರೋದು."

ಬೇರೆಯವರ ಮನೆ. ಮಗನ ಮನೆಗೆ ಈ ಹೆಸರು. ಡಾಕ್ಟರು ಶೋಲ್ಪಾನಳ ಕಡೆ ಒಂದು ಸಲ ನೋಡಿದರು. ಅದು ಬರೀ ನೋಟ, ಆರೋಪವಲ್ಲ. ಆದರೆ ಅವಳ ಕಿವಿ ಬಿಸಿಯಾಯಿತು. ಇವತ್ತಿನದನ್ನಾದರೂ ಹಾಕಿಸಿಕೊಂಡು ಹೋಗಿ, ಸರದಿ ಇನ್ನೂ ಇಬ್ಬರ ನಂತರ, ಕೂತು ಯೋಚಿಸಿ ಎಂದು ಡಾಕ್ಟರು ಹೇಳಿದರು. ರೈಲಿಗೆ ಹೊತ್ತಾಗುತ್ತೆ ಎಂದರು ಮಾವ. ಆದರೂ ಎದ್ದು ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಬಹುಶಃ ಕಾಲಿಗೆ ಸುಸ್ತಾಗಿತ್ತು. ಈಗೀಗ ಇಷ್ಟು ದೂರ ನಡೆದರೂ ಅವರಿಗೆ ನಿದ್ದೆ ಬರುವಂತಾಗುತ್ತಿತ್ತು.

ಕಾರಿಡಾರಿನಲ್ಲಿ ಎಂದಿನ ಜನ. ಎದುರಿಗೆ ಒಬ್ಬ ಮುದುಕಿ, ಮಡಿಲಲ್ಲಿ ಕರವಸ್ತ್ರದ ಗಂಟು. ಅದಕ್ಕೆ ಆಗಾಗ ಉಗುಳಿ, ಮಡಚಿ, ಮತ್ತೆ ನೆಟ್ಟಗೆ ಕೂರುತ್ತಿದ್ದಳು. ಶೋಲ್ಪಾನ್ ಅವಳನ್ನು ನೋಡದಿರಲು ಚೀಲ ತೆರೆದಳು. ಬಟ್ಟಲನ್ನು ಬಿಚ್ಚಿದಳು. ಮಾಡಬೇಕಾದ್ದು ಇಷ್ಟು ಸುಲಭವೇ ಎಂದು ಒಂದು ಗಳಿಗೆ ಅನ್ನಿಸಿತು. ಬೆಚ್ಚಗಿನ ಫ್ಲಾಸ್ಕಿನಿಂದ ತಳ ಮುಚ್ಚುವಷ್ಟು ಮಾತ್ರ ಹಾಕಿ, ಬೆಂಚಿನ ಮುಂದೆ, ಆಸ್ಪತ್ರೆಯ ಆ ನೆಲದ ಮೇಲೆ ಒಂದು ಮೊಣಕಾಲು ಊರಿ, ಎರಡೂ ಕೈಯಲ್ಲಿ ಚಾಚಿದಳು. ಎದುರಿನ ಮುದುಕಿ ನೋಡಿದಳು, ಒಪ್ಪಿಗೆಯಂತೆ ತಲೆಯಾಡಿಸಿದಳು. ಮಾವ ಬಟ್ಟಲನ್ನು ನೋಡಿದರು. ಕೈ ಚಾಚಲಿಲ್ಲ.

"ನಿನ್ನೆ ತುಂಬಿಸಿದ್ದು ನಿನ್ನ ಕೈಯೋ, ಮನಸ್ಸೋ?" ಎಂದರು. ಮೆಲ್ಲಗೆ, ಅವಳಿಗೆ ಮಾತ್ರ ಕೇಳುವ ಹಾಗೆ. ಕುದುರೆಯ ವಯಸ್ಸು ಕೇಳುವವರ ದನಿ.

ವಾಕ್ಯ ಸಿದ್ಧವಾಗಿತ್ತು. ಆತಾ, ಅದು ಕೈತಪ್ಪು. ರಾತ್ರಿಯಿಡೀ ಅದನ್ನು ತಿದ್ದಿ ತಿದ್ದಿ ಇಟ್ಟುಕೊಂಡಿದ್ದಳು. ಅದನ್ನು ಆಡಿದರೆ ಮುಗಿಯಿತು. ಅವರು ಉಳಿಯುತ್ತಾರೆ, ಸಾಯಾತನಿಗೆ ಸಮಾಧಾನವಾಗುತ್ತದೆ, ಡಾಕ್ಟರು ಒಳಗೆ ಕರೆಯುತ್ತಾರೆ. ಚಹಾದ ಮೇಲೆ ದೀಪದ ಬಿಳಿ ಗೀರು ಅಲುಗಾಡುತ್ತಿತ್ತು. ನೋಡುತ್ತಿದ್ದವಳು ಯಾಕೆ ನಿಲ್ಲಿಸಲಿಲ್ಲ?

"ಗೊತ್ತಿಲ್ಲ ಆತಾ," ಎಂದಳು. "ಸುಸ್ತಾಗಿತ್ತು. ತುಂಬ್ತಾ ಇದ್ದದ್ದು ಕಾಣ್ತಿತ್ತು. ನಿಲ್ಲಿಸ್ಲಿಲ್ಲ."

ಒಳಗಿನ ಬಾಗಿಲು ತೆರೆದು ಯಾರೋ ಒಬ್ಬರು ಹೊರಗೆ ಬಂದು, ಇನ್ನೊಬ್ಬರು ಒಳಗೆ ಹೋದರು. ಭಾರವಾದ ಬಾಗಿಲು ನಿಧಾನವಾಗಿ ಮುಚ್ಚಿಕೊಂಡಿತು, ಮೇಲಿನ ಕೆಂಪು ದೀಪ ಹತ್ತಿತು. ಆ ದೀಪವನ್ನೇ ನೋಡುತ್ತ ಮಾವ ಹೇಳಿದರು:

"ಕೈ ಅಂದಿದ್ರೆ ಎದ್ದು ಹೋಗ್ತಿದ್ದೆ."

ಆಮೇಲೆ, "ಏಳು, ನೆಲ ತಣ್ಣಗಿದೆ. ಇದನ್ನ ಚೆಲ್ಲಿ ಬಾ. ಮೂರು ವಾರದಿಂದ ಈ ಕುರಿ ಮೀಸಿದ ನೀರು ಕುಡಿದು ಸಾಕಾಗಿದೆ. ಆ ಇನ್ನೊಂದು ಫ್ಲಾಸ್ಕ್ ತೆಗಿ."

"ಯಾವ ಇನ್ನೊಂದು ಆತಾ?"

"ಮೆಟ್ಟಿಲ ಹಿಂದೆ ನಿಂತು ಕುಡೀತೀಯಲ್ಲ, ಅದು. ಗಂಟಲು ಕೆಟ್ಟಿದೆ ಕಣೇ, ಮೂಗು ಕೆಟ್ಟಿಲ್ಲ."

ಅವಳ ಮುಖಕ್ಕೆ ರಕ್ತ ನುಗ್ಗಿತು. ನಗು ಬಂತು, ಬಂದದ್ದಕ್ಕೆ ಭಯವೂ ಆಯಿತು. ಡಾಕ್ಟರ ಕೋಣೆಯ ಬಾಗಿಲು ಅಲ್ಲೇ, ಎರಡು ಮಾರು ದೂರದಲ್ಲಿ, ಅರ್ಧ ತೆರೆದಿತ್ತು. ಬೇಡ ಎನ್ನಬೇಕು, ಉರಿದು ಹುಣ್ಣಾದ ಜಾಗ, ಒಂದು ಗುಟುಕು ಕೂಡ ಏನು ಮಾಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು, ಡಾಕ್ಟರು ಕೊಟ್ಟ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದವಳೇ ಅವಳು. ಬೇಡ ಎಂದರೆ ಅವರು ಒಪ್ಪಿಕೊಂಡು ಸುಮ್ಮನಾಗುತ್ತಾರೆ, ಅದೂ ಗೊತ್ತಿತ್ತು. ಒಪ್ಪಿಕೊಂಡು, ಸುಮ್ಮನಾಗಿ, ಟೋಪಿ ಸರಿಮಾಡಿಕೊಂಡು ಎದ್ದು ಸ್ಟೇಷನ್ನಿಗೆ ಹೋಗುತ್ತಾರೆ. ಎಲ್ಲದಕ್ಕೂ ಬೇಡ ಅನ್ನಿಸಿಕೊಂಡು ಸುಸ್ತಾಗಿದ್ದರೂ ಅವರು ಎಂದೂ ಏನನ್ನೂ ಕೇಳಿ ಬೇಡಿದವರಲ್ಲ. ಅವಳು ಮುಚ್ಚಳ ತಿರುವಿದಳು. ಹಬೆ ಎದ್ದಿತು. ಬಟ್ಟಲಿನ ತಳದಲ್ಲಿ ಎರಡು ಗುಟುಕು, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ. ಅಮ್ಮ ತಣ್ಣೀರಿನಲ್ಲಿ ಕಲಿಸಿದ ಅಳತೆ. ಮತ್ತೆ ಮೊಣಕಾಲು ಊರಿದಳು.

ಅವರು ಬಟ್ಟಲನ್ನು ಐದೂ ಬೆರಳ ತುದಿಯಲ್ಲಿ ಹಿಡಿದು ಮುಖದ ಬಳಿ ತಂದರು. ಬಹಳ ಹೊತ್ತು ಬರೀ ಹಬೆಯನ್ನು ಎಳೆದುಕೊಂಡರು. ಹುಬ್ಬಿನ ಕೂದಲ ಮೇಲೆ ಸಣ್ಣ ಹನಿಗಳು ಕೂತವು. ಇಷ್ಟಕ್ಕೇ ನಿಲ್ಲಿಸುತ್ತಾರೇನೋ, ಆರುವವರೆಗೆ ಹೀಗೇ ಹಿಡಿದಿರುತ್ತಾರೇನೋ ಎಂದು ಅವಳು ಕಾದಳು, ಆಸೆಪಟ್ಟಳು. ಸೊರ್ರೆಂಬ ಸದ್ದಾಯಿತು. ಕಜಾಲಿಯ ಆ ಬೆಳಿಗ್ಗೆಯ ಸದ್ದು. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು, ಕೆನ್ನೆಗಳು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಆದವು. ಆಮೇಲೆ ಗಂಟಲ ಮಣಿ ಮೇಲೆ ಹೋಗಿ ಕೆಳಗಿಳಿಯಿತು. ಅವರ ಇನ್ನೊಂದು ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು, ಗೆಣ್ಣುಗಳು ಬೆಳ್ಳಗಾದವು, ಕಣ್ಣಿನಿಂದ ನೀರು ಸುಕ್ಕುಗಳ ದಾರಿ ಹಿಡಿದು ಗಡ್ಡಕ್ಕೆ ಇಳಿಯಿತು. ಎದುರಿನ ಮುದುಕಿ ಕರವಸ್ತ್ರವನ್ನು ಬಾಯಿಗೆ ಹಿಡಿದುಕೊಂಡೇ ಅವರ ಗಂಟಲನ್ನು ನೋಡುತ್ತಿದ್ದಳು, ಹಸಿದವರು ಊಟ ಮಾಡುವವರನ್ನು ನೋಡುವ ಹಾಗೆ.

ಉಳಿದ ಒಂದು ಗುಟುಕನ್ನು ಅವರು ಕುಡಿಯಲಿಲ್ಲ. ಫ್ಲಾಸ್ಕಿನ ಮುಚ್ಚಳ ಕೇಳಿ ಪಡೆದು, ಅದರಲ್ಲಿ ಸುರಿದು, "ನೀನು ಕುಡಿ. ಇಲ್ಲೇ," ಎಂದರು. ದನಿ ಒಡೆದು ಬರೀ ಗಾಳಿಯಾಗಿತ್ತು. ಖಾಲಿ ಬಟ್ಟಲನ್ನು ಅವಳ ಅಂಗೈಯಲ್ಲಿ ಅಡ್ಡ ಮಲಗಿಸಿದರು. ಅವಳು ಅವರ ಎದುರಿಗೇ ಕುಡಿದಳು. ನಾಲಗೆ ಸುಟ್ಟಿತು.

ಬಾಗಿಲು ತೆರೆಯಿತು. ಯಂತ್ರದ ಕೋಣೆಯ ಹುಡುಗಿ ಅವರ ಹೆಸರು ಕೂಗಿದಳು. ಮಾವ ಟೋಪಿ ತೆಗೆದು ಸೂಟ್‌ಕೇಸಿನ ಮೇಲಿಟ್ಟರು, ಕೋಟನ್ನು ಬಿಚ್ಚಿ ಅವಳ ಮೊಣಕೈ ಮೇಲೆ ಹಾಕಿದರು. ಡಾಕ್ಟರ್ ರೌಶಾನ್ ತಮ್ಮ ಬಾಗಿಲಲ್ಲಿ ನಿಂತು, "ಹೇಗಿದೆ ಆತಾ ಇವತ್ತು ನುಂಗೋಕೆ?" ಎಂದರು.

"ಬೆಣ್ಣೆ," ಎಂದು ಮಾವ ಒಳಗೆ ಹೋದರು.

ಕೆಂಪು ದೀಪ ಹತ್ತಿತು. ಚೀಲದಲ್ಲಿ ಫೋನು ನಡುಗುತ್ತಿತ್ತು. ಒಸ್ಪಾನ್. "ಎಲ್ಲಿದಾನೆ ತಾಯಿ ಆ ಮುದಿ ಒಂಟೆ? ಟಿಕೆಟ್ಟಿಗೆ ಜನ ಸಾಲು ನಿಂತಿದಾರೆ ಇಲ್ಲಿ!" ಆತಾ ಒಳಗಿದಾರೆ, ನೀವು ಹೊರಡಿ, ಎಂದಳು. "ಅಲ್ಲ ಕಣಮ್ಮ, ನಿನ್ನೆ ನಾನು ಸುಮ್ನೆ ತಮಾಷೆಗೆ..." ಎಂದ ಒಸ್ಪಾನ್. ಹಿಂದಿನಿಂದ ಜೈನೆಪಳ ದನಿ: ನಿನ್ನ ನಾಲಗೆಗೆ ಅದೇ ಕಿರಣ ಹಾಕಿಸ್ಬೇಕು. "ನಂಗೊತ್ತು ಆತಾ," ಎಂದಳು ಶೋಲ್ಪಾನ್. "ಮತ್ತೆ ಹೇಗೆ ಒಪ್ಪಿಸ್ದೆ ಅವನ್ನ?" ಡಾಕ್ಟರು ಹೇಳಿದ್ರು, ಕೇಳಿದ್ರು, ಎಂದಳು. ಡಾಕ್ಟರು ಇನ್ನೂ ಬಾಗಿಲಲ್ಲೇ ನಿಂತಿದ್ದರು. ಅವಳ ಕೈಯಲ್ಲಿದ್ದ ಬಟ್ಟಲನ್ನು, ಬೆಂಚಿನ ಮೇಲಿದ್ದ ಎರಡು ಫ್ಲಾಸ್ಕುಗಳನ್ನು ನೋಡಿದರು. "ಏನು ಹೇಳಿ ಒಪ್ಪಿಸಿದ್ರಿ?" ಎಂದು ಅವರೂ ಕೇಳಿದರು. ಏನಿಲ್ಲ, ಮನೆ ಮಾತು, ಎಂದಳು. ಎದುರಿನ ಮುದುಕಿ ಕರವಸ್ತ್ರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು, ತಲೆಯೆತ್ತಲಿಲ್ಲ.

ಈ ರಾತ್ರಿ ಅವರು ಹೆಚ್ಚು ಕೆಮ್ಮುತ್ತಾರೆ. ನಾಳೆ ಬೆಳಿಗ್ಗೆ ಉರಿ ಹೆಚ್ಚಿದೆ ಎಂದು ಹೇಳಬಹುದು, ಹೇಳದೆಯೂ ಇರಬಹುದು; ಹೇಳಿದರೆ ಅದು ಕಿರಣದ್ದೋ ಆ ಒಂದು ಗುಟುಕಿನದ್ದೋ ಎಂದು ಅವಳಿಗೆ ಎಂದಿಗೂ ತಿಳಿಯಲಾರದು. ಸಾಯಾತ್ ಇನ್ನೇನು ಫೋನು ಮಾಡುತ್ತಾನೆ, ಗದ್ದಲದ ನಡುವೆ ಕೂಗಿ ಕೇಳುತ್ತಾನೆ. ಅವನಿಗೆ ಹೇಳಬೇಕಾದ ವಾಕ್ಯವನ್ನು ಅವಳು ತಲೆಯೊಳಗೆ ಬರೆಯತೊಡಗಿದಳು, ಎರಡು ಪದ ಬರೆದಳು, ಹೊಡೆದು ಹಾಕಿದಳು. ಮತ್ತೆ ಬರೆಯಲಿಲ್ಲ. ಬಟ್ಟಲಿನ ಒಳಗೆ ಹೆಬ್ಬೆರಳಿನಿಂದ ಒಂದು ಸುತ್ತು ಸವರಿದಳು, ಇನ್ನೂ ಬಿಸಿಯಿತ್ತು. ಇದನ್ನು ಅವನಿಗೂ ಹೇಳುವುದಿಲ್ಲ, ಡಾಕ್ಟರಿಗೂ ಇಲ್ಲ, ಅಮ್ಮನಿಗೂ ಇಲ್ಲ. ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟು, ಮಾವನ ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು, ಕೆಂಪು ದೀಪ ಆರುವುದನ್ನು ಕಾಯುತ್ತ ಕೂತಳು.